ದ್ರಾವಣದೊಳಗೆ ಅಲ್ಟ್ರಾಸೌಂಡ್: ಕ್ರಿಯೆಯ ವೇಗ ಏರುವುದು ಎಲ್ಲಿಂದ, ಅದನ್ನು ಅಳೆಯುವುದು ಹೇಗೆ

ಕಿವಿಗೆ ಕೇಳದ ಧ್ವನಿಯಿಂದ (ಅಲ್ಟ್ರಾಸೌಂಡ್) ಗಾಜಿನ ಸಾಮಾನು ತೊಳೆಯುವ ತೊಟ್ಟಿ, ಅಲ್ಟ್ರಾಸಾನಿಕ್ ಬಾತ್, ಈಗ ಹೆಚ್ಚುಕಡಿಮೆ ಎಲ್ಲ ಕಾಲೇಜುಗಳಲ್ಲೂ ಇದೆ. ಅದರೊಳಗೆ ಫ್ಲಾಸ್ಕ್ ಇಳಿಬಿಟ್ಟು ಕ್ರಿಯೆ ನಡೆಸಿ, "ಮೂರು ಗಂಟೆಯ ಕೆಲಸ ಇಪ್ಪತ್ತು ನಿಮಿಷದಲ್ಲಿ ಆಯಿತು" ಎಂದು ಬರೆದ ಪ್ರಾಜೆಕ್ಟ್ ವರದಿಗಳೂ ಬೇಕಾದಷ್ಟಿವೆ. ಅಂಥ ವಾಕ್ಯ ಕಂಡಾಗ ಮೊದಲು ಕೇಳಬೇಕಾದ್ದು ಇಷ್ಟು: ವೇಗ ಹೆಚ್ಚಿದ್ದು ದ್ರಾವಣ ಬಿಸಿಯಾದ್ದರಿಂದಲೋ, ಚೆನ್ನಾಗಿ ಕಲಕಿದ್ದರಿಂದಲೋ, ಧ್ವನಿ ಎಬ್ಬಿಸುವ ಗುಳ್ಳೆಗಳಿಂದಲೋ? ಮೂರೂ ಒಂದೇ ಫ್ಲಾಸ್ಕಿನಲ್ಲಿ, ಒಂದೇ ಹೊತ್ತಿಗೆ ನಡೆಯುತ್ತವೆ. ಬಿಸಿಗೆ ಹೀಟರ್ ಸಾಕು, ಕಲಕುವುದಕ್ಕೆ ಸ್ಟರರ್ ಸಾಕು. ಸೋನೋಕೆಮಿಸ್ಟ್ರಿ (ಧ್ವನಿಯಿಂದ ನಡೆಯುವ ಕ್ರಿಯೆಗಳ ರಸಾಯನಶಾಸ್ತ್ರ) ಎಂಬ ಬೇರೆ ಶಾಸ್ತ್ರ ಬೇಕಾಗುವುದು ಮೂರನೆಯದಕ್ಕೆ ಮಾತ್ರ.

ಧ್ವನಿ ನೇರವಾಗಿ ಅಣುವನ್ನು ಮುಟ್ಟುವುದಿಲ್ಲ ಎನ್ನುವುದನ್ನು ಮೊದಲು ಲೆಕ್ಕದಲ್ಲೇ ನೋಡಿಬಿಡೋಣ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. 20 ಕಿಲೋಹರ್ಟ್ಸ್ ಆವರ್ತನದಲ್ಲಿ ತರಂಗದೂರ 7.4 ಸೆಂ.ಮೀ. 1 ಮೆಗಾಹರ್ಟ್ಸ್‌ಗೆ ಏರಿಸಿದರೂ 1.5 ಮಿ.ಮೀ. ಆಸುಪಾಸು. ಅಣುವಿನ ಗಾತ್ರ ನ್ಯಾನೋಮೀಟರ್ ಲೆಕ್ಕದ್ದು. ಬಂಧಗಳು ಸೆಕೆಂಡಿಗೆ ಸುಮಾರು 10 ಲಕ್ಷ ಕೋಟಿ ಬಾರಿ ಕಂಪಿಸುತ್ತಿರುತ್ತವೆ; ನಮ್ಮ ಧ್ವನಿ ಕಂಪಿಸುವುದು ಹೆಚ್ಚೆಂದರೆ ಲಕ್ಷಗಳಲ್ಲಿ. ಹಾಗಾಗಿ ಬೆಳಕು ಅಣುವಿಗೆ ಶಕ್ತಿ ಕೊಟ್ಟಂತೆ ಧ್ವನಿ ಕೊಡಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935-36ರಲ್ಲಿ ಅಲ್ಟ್ರಾಸೌಂಡ್ ಹಾಯುತ್ತಿರುವ ದ್ರವ ಬೆಳಕನ್ನು ಹೇಗೆ ವಿವರ್ತಿಸುತ್ತದೆ ಎಂಬುದರ ಸಿದ್ಧಾಂತ ಕೊಟ್ಟರು. ಅಂಥ ಪ್ರಯೋಗಗಳಲ್ಲಿ ದ್ರವದ ಸಾಂದ್ರತೆ ಪಟ್ಟೆಪಟ್ಟೆಯಾಗಿ ಏರಿಳಿಯುತ್ತದೆ, ಬೆಳಕು ಬಾಗುತ್ತದೆ. ರಾಸಾಯನಿಕವಾಗಿ ಮಾತ್ರ ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಗುಳ್ಳೆ ಏಳುವುದಿಲ್ಲ.

ಗುಳ್ಳೆ ಏಳುವುದು ಯಾವಾಗ? ಧ್ವನಿ ಎಂದರೆ ಒತ್ತಡದ ಏರಿಳಿತ. ಇಳಿಯುವ ಅರ್ಧದಲ್ಲಿ ಒತ್ತಡ ವಾತಾವರಣದ ಒತ್ತಡಕ್ಕಿಂತ ಒಂದು ಅಟ್ಮಾಸ್ಫಿಯರ್‌ನಷ್ಟು ಕೆಳಗೆ ಹೋದರೆ ದ್ರವದ ಮೇಲೆ ಎಳೆತ ಶುರುವಾಗುತ್ತದೆ. ಶುದ್ಧ ನೀರನ್ನು ಹಾಗೆ ಎಳೆದು ಸೀಳಬೇಕಾದರೆ ಸಾವಿರಕ್ಕೂ ಹೆಚ್ಚು ಅಟ್ಮಾಸ್ಫಿಯರ್ ಬೇಕು. ಆದರೆ ನಾವು ಬಳಸುವ ನೀರಿನಲ್ಲಿ ಧೂಳಿನ ಕಣಗಳ ಸೀಳುಗಳಲ್ಲಿ ಸಿಕ್ಕಿಕೊಂಡ ಗಾಳಿ ಇದ್ದೇ ಇರುತ್ತದೆ, ಗುಳ್ಳೆ ಅಲ್ಲಿಂದಲೇ ಮೊಳೆಯುತ್ತದೆ. ಒತ್ತಡದ ಏರಿಳಿತ ಒಂದು ಅಟ್ಮಾಸ್ಫಿಯರ್ ಮುಟ್ಟಲು ಪ್ರತಿ ಚದರ ಸೆಂಟಿಮೀಟರಿಗೆ 0.35 ವಾಟ್ ಸಾಕು. 10 ವಾಟ್ ಕೊಟ್ಟರೆ ಏರಿಳಿತ 5.4 ಅಟ್ಮಾಸ್ಫಿಯರ್ ಆಗುತ್ತದೆ. ಈ ಗುಳ್ಳೆಗಳು ಎದ್ದು ಕುಸಿಯುವುದನ್ನೇ ಕ್ಯಾವಿಟೇಶನ್ ಎನ್ನುತ್ತೇವೆ.

ಇದು ಮೊದಲು ತಲೆನೋವಾದದ್ದು ಹಡಗಿನವರಿಗೆ. 1895ರಲ್ಲಿ ಥಾರ್ನಿಕ್ರಾಫ್ಟ್ ಮತ್ತು ಬಾರ್ನಬಿ ಬ್ರಿಟನ್ನಿನ 'ಡೇರಿಂಗ್' ಯುದ್ಧನೌಕೆಯ ಪ್ರೊಪೆಲ್ಲರ್ ನಿರೀಕ್ಷಿಸಿದ ವೇಗ ಕೊಡದಿರುವುದಕ್ಕೆ ಈ ಗುಳ್ಳೆಗಳೇ ಕಾರಣ ಎಂದು ವರದಿ ಮಾಡಿದರು. ಗೋಳಾಕಾರದ ಪೊಳ್ಳು ಕುಸಿಯುವಾಗ ಒಳಗೆ ಎಷ್ಟು ಒತ್ತಡ ಏಳುತ್ತದೆ ಎಂಬ ಲೆಕ್ಕವನ್ನು 1917ರಲ್ಲಿ ಲಾರ್ಡ್ ರೇಲಿ ಮಾಡಿದ. ರಸಾಯನಶಾಸ್ತ್ರ ಬಂದದ್ದು 1927ರಲ್ಲಿ. ವಾಲ್ ಸ್ಟ್ರೀಟಿನಲ್ಲಿ ಹಣ ಮಾಡಿ, ನ್ಯೂಯಾರ್ಕ್ ರಾಜ್ಯದ ಟಕ್ಸಿಡೊ ಪಾರ್ಕಿನಲ್ಲಿ ಸ್ವಂತ ಪ್ರಯೋಗಾಲಯ ಕಟ್ಟಿಕೊಂಡಿದ್ದ ಆಲ್ಫ್ರೆಡ್ ಲೂಮಿಸ್ ಮತ್ತು ರಸಾಯನಶಾಸ್ತ್ರಜ್ಞ ವಿಲಿಯಂ ರಿಚರ್ಡ್ಸ್ ಸೇರಿ ಎರಡು ಕ್ರಿಯೆಗಳನ್ನು ನೋಡಿದರು. ಒಂದು ಡೈಮೀಥೈಲ್ ಸಲ್ಫೇಟಿನ ಜಲವಿಭಜನೆ, ಇನ್ನೊಂದು ಪಿಯುಸಿ ಮಕ್ಕಳಿಗೂ ಗೊತ್ತಿರುವ ಅಯೋಡಿನ್ ಗಡಿಯಾರ ಕ್ರಿಯೆ. ಎರಡೂ ಬೇಗ ನಡೆದವು. ಆಮೇಲೆ ಸುಮಾರು ಐವತ್ತು ವರ್ಷ ಸಾವಯವ ರಸಾಯನಶಾಸ್ತ್ರದವರು ಇದರತ್ತ ಹೆಚ್ಚು ತಿರುಗಿ ನೋಡಲಿಲ್ಲ. ಅಗ್ಗದ ತೊಳೆಯುವ ಬಾತ್‌ಗಳು ಬಂದ ಮೇಲೆಯೇ, ಎಂದರೆ 1980ರ ಹೊತ್ತಿಗೆ, ಆಸಕ್ತಿ ಮರಳಿತು.

ಗುಳ್ಳೆಯೊಳಗೆ ಏನಾಗುತ್ತದೆ? 20 ಕಿಲೋಹರ್ಟ್ಸ್‌ನಲ್ಲಿ ಒಂದು ಆವರ್ತಕ್ಕೆ 50 ಮೈಕ್ರೋಸೆಕೆಂಡ್. ಕೆಲವು ಆವರ್ತಗಳಲ್ಲಿ ಗುಳ್ಳೆ ಉಬ್ಬುತ್ತಾ ಹೋಗಿ, ನೂರೈವತ್ತು ಮೈಕ್ರೋಮೀಟರ್ ತ್ರಿಜ್ಯದ ಆಸುಪಾಸು ಧ್ವನಿಯೊಂದಿಗೆ ತಾಳ ಕೂಡಿದ ಮೇಲೆ ಒಮ್ಮೆ ಭಾರೀ ಉಬ್ಬಿ ಕುಸಿಯುತ್ತದೆ. ಕುಸಿತ ಎಷ್ಟು ಬೇಗ ನಡೆಯುತ್ತದೆಂದರೆ ಒಳಗಿನ ಅನಿಲದ ಶಾಖ ಹೊರಗೆ ಹೋಗಲು ಪುರಸೊತ್ತೇ ಇರುವುದಿಲ್ಲ. ಸೈಕಲ್ ಪಂಪು ಹೊಡೆದಾಗ ತುದಿ ಬಿಸಿಯಾಗುವುದೂ ಇದೇ ಕಾರಣಕ್ಕೆ, ಇಲ್ಲಿಯದು ಅದರ ವಿಪರೀತ ರೂಪ. 1986ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಸಸ್ಲಿಕ್ ತಂಡ ಇದಕ್ಕೊಂದು ಜಾಣ ಥರ್ಮಾಮೀಟರ್ ಹುಡುಕಿತು. ಬೇರೆ ಬೇರೆ ಲೋಹಗಳು ಕಾರ್ಬನ್ ಮಾನಾಕ್ಸೈಡಿನೊಂದಿಗೆ ಸೇರಿ ಆದ ಕಾರ್ಬೊನಿಲ್‌ಗಳು ತಾಪಮಾನಕ್ಕೆ ತಕ್ಕಂತೆ ಬೇರೆ ಬೇರೆ ವೇಗದಲ್ಲಿ ಒಡೆಯುತ್ತವೆ. ಆ ವೇಗಗಳ ಅನುಪಾತ ನೋಡಿದರೆ ಕ್ರಿಯೆ ನಡೆದ ಜಾಗದ ತಾಪಮಾನ ತಿಳಿಯುತ್ತದೆ. ಬಂದ ಉತ್ತರ: ಗುಳ್ಳೆಯ ಅನಿಲದಲ್ಲಿ ಸುಮಾರು 5,200 ಕೆಲ್ವಿನ್, ಅದನ್ನು ಸುತ್ತಿದ ತೆಳು ದ್ರವದ ಪದರದಲ್ಲಿ ಸುಮಾರು 1,900 ಕೆಲ್ವಿನ್. ಇಷ್ಟೆಲ್ಲ ಆಗುವಾಗಲೂ ಫ್ಲಾಸ್ಕಿನ ದ್ರಾವಣ 25 ಡಿಗ್ರಿಯಲ್ಲೇ ಇರಬಹುದು.

ಹೀಗಾಗಿ ಫ್ಲಾಸ್ಕಿನಲ್ಲಿ ಒಂದಲ್ಲ, ಮೂರು ಜಾಗಗಳಿವೆ. ನಮ್ಮ ವಸ್ತು ಎಲ್ಲಿಗೆ ಹೋಗುತ್ತದೆ ಎನ್ನುವುದರ ಮೇಲೆ ಫಲಿತಾಂಶ ನಿಲ್ಲುತ್ತದೆ. ಕ್ಲೋರೋಫಾರ್ಮ್, ಬೆಂಜೀನ್‌ನಂಥ ಆವಿಯಾಗುವ, ನೀರಿಗೆ ಒಗ್ಗದ ವಸ್ತುಗಳು ಗುಳ್ಳೆಯೊಳಕ್ಕೇ ಹೋಗಿ ಸುಟ್ಟು ಚೂರಾಗುತ್ತವೆ. ಆವಿಯಾಗದ, ಆದರೆ ನೀರನ್ನು ಇಷ್ಟಪಡದ ಅಣುಗಳು ಗುಳ್ಳೆಯ ಅಂಚಿನಲ್ಲಿ ಗುಂಪಾಗುತ್ತವೆ. ಲವಣಗಳು ದೂರದ ತಣ್ಣನೆ ದ್ರಾವಣದಲ್ಲೇ ಉಳಿಯುತ್ತವೆ. ಗುಳ್ಳೆಯೊಳಗಿನ ನೀರಾವಿ ಒಡೆದು ಹೈಡ್ರೋಜನ್ ಪರಮಾಣುಗಳೂ, ಸಿಕ್ಕಿದ್ದರೊಂದಿಗೆ ಕೂಡಲೇ ವರ್ತಿಸುವ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳೂ ಹುಟ್ಟುತ್ತವೆ. ಅವುಗಳಲ್ಲಿ ತಪ್ಪಿಸಿಕೊಂಡು ಹೊರಬಂದವು ಮಾತ್ರ ಲವಣಗಳಿಗೆ ಸಿಗುತ್ತವೆ. ಎರಡು ಹೈಡ್ರಾಕ್ಸಿಲ್ ಕೂಡಿದರೆ ಹೈಡ್ರೋಜನ್ ಪೆರಾಕ್ಸೈಡ್.

ಈ ಚಿತ್ರ ಒಪ್ಪಿಕೊಂಡರೆ ಪಠ್ಯಪುಸ್ತಕದ ಅಭ್ಯಾಸಕ್ಕೆ ವಿರುದ್ಧವಾದ ಕೆಲವು ಮಾತುಗಳನ್ನೂ ಒಪ್ಪಬೇಕಾಗುತ್ತದೆ. ಮೊದಲನೆಯದು ತಾಪಮಾನದ್ದು. ಸಾಮಾನ್ಯ ಕ್ರಿಯೆಯನ್ನು ಬಿಸಿ ಮಾಡಿದರೆ ವೇಗ ಏರುತ್ತದೆ. ಗುಳ್ಳೆಯ ಕ್ರಿಯೆಯನ್ನು ಬಿಸಿ ಮಾಡಿದರೆ ಹೆಚ್ಚಿನ ವೇಳೆ ವೇಗ ಇಳಿಯುತ್ತದೆ. 25 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ 3.2 ಕಿಲೋಪಾಸ್ಕಲ್, 60 ಡಿಗ್ರಿಯಲ್ಲಿ 19.9, 80 ಡಿಗ್ರಿಯಲ್ಲಿ 47.4. ಗುಳ್ಳೆಯಲ್ಲಿ ಆವಿ ತುಂಬಿಕೊಂಡಷ್ಟೂ ಕುಸಿತ ಮೆತ್ತಗಾಗುತ್ತದೆ, ಒಳಗಿನ ತಾಪ ತಗ್ಗುತ್ತದೆ. ಈಥರ್‌ನಂಥ ಬೇಗ ಆವಿಯಾಗುವ ದ್ರಾವಕದಲ್ಲಿ ಕೋಣೆಯ ತಾಪಮಾನದಲ್ಲೇ ಈ ತೊಂದರೆ ಇದೆ. ಡೆಕೇನ್, ಜೈಲೀನ್‌ಗಳಲ್ಲಿ ಇಲ್ಲ. ಕ್ರಿಯೆಯ ವೇಗ ತಾಪಮಾನದೊಂದಿಗೆ ಏರುತ್ತದೋ ಇಳಿಯುತ್ತದೋ ಎಂದು ನೋಡುವುದು ಗುಳ್ಳೆಯ ಪಾತ್ರವನ್ನು ಗುರುತಿಸುವ ಅತ್ಯಂತ ಅಗ್ಗದ ಪರೀಕ್ಷೆ. ಇದನ್ನು ಮಾಡದೆ ಬರೆದ ವರದಿಯನ್ನು ನಂಬಲು ಕಷ್ಟ.

ಎರಡನೆಯದು ಕರಗಿರುವ ಅನಿಲ. ಆರ್ಗಾನ್ ಒಂದೇ ಪರಮಾಣುವಿನ ಅನಿಲ. ಒತ್ತಿದಾಗ ಚೆನ್ನಾಗಿ ಬಿಸಿಯಾಗುತ್ತದೆ. ಗಾಳಿ ಅದಕ್ಕಿಂತ ಕಡಿಮೆ. ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಕ್ರಿಯೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹೀಲಿಯಂ ಕೂಡ ಒಂದೇ ಪರಮಾಣುವಿನದು, ಆದರೆ ಶಾಖವನ್ನು ಬೇಗ ಹೊರಗೆ ಸಾಗಿಸಿಬಿಡುತ್ತದೆ, ಹಾಗಾಗಿ ಆರ್ಗಾನಿನಷ್ಟು ಕೆಲಸ ಮಾಡುವುದಿಲ್ಲ.

ಆವರ್ತನದ ಬಗ್ಗೆ: 20ರಿಂದ 40 ಕಿಲೋಹರ್ಟ್ಸ್‌ನಲ್ಲಿ ಗುಳ್ಳೆಗಳು ದೊಡ್ಡವು, ಕುಸಿತದ ಯಾಂತ್ರಿಕ ಹೊಡೆತ ಜೋರು. 200ರಿಂದ 600 ಕಿಲೋಹರ್ಟ್ಸ್‌ನಲ್ಲಿ ಗುಳ್ಳೆ ಚಿಕ್ಕದು (500ರಲ್ಲಿ ತ್ರಿಜ್ಯ ಸುಮಾರು 6.5 ಮೈಕ್ರೋಮೀಟರ್), ಆದರೆ ಕುಸಿತಗಳ ಸಂಖ್ಯೆ ಬಹಳ, ರ್‍ಯಾಡಿಕಲ್‌ಗಳು ಹೊರಬರುವುದೂ ಹೆಚ್ಚು. ಪುಡಿ ಒಡೆಯಬೇಕೇ, ಲೋಹದ ಮೇಲ್ಮೈ ಕೆರೆಯಬೇಕೇ, ಕಡಿಮೆ ಆವರ್ತನ ಹಿಡಿಯಿರಿ. ನೀರಿನಲ್ಲಿರುವ ಬಣ್ಣವನ್ನೋ ಫೀನಾಲನ್ನೋ ಆಕ್ಸಿಡೀಕರಿಸಬೇಕೇ, ಮೇಲಿನ ಆವರ್ತನ ಹಿಡಿಯಿರಿ. ಕಾಲೇಜಿನಲ್ಲಿ ಸಿಗುವುದು ಮೊದಲನೆಯದೇ. ಅದರಲ್ಲಿ ರ್‍ಯಾಡಿಕಲ್ ಕಡಿಮೆ ಬಂತೆಂದು ಬೇಸರಪಡುವುದರಲ್ಲಿ ಅರ್ಥವಿಲ್ಲ.

ಈಗ ಎಲ್ಲರೂ ಎಡವುವ ಜಾಗ: "ಎಷ್ಟು ಪಟ್ಟು?" ಪ್ಯಾರಾ ನೈಟ್ರೋಫೀನೈಲ್ ಅಸಿಟೇಟ್ ಎಂಬ ಎಸ್ಟರ್ ತೆಗೆದುಕೊಳ್ಳಿ. ಇಂಥ ನೈಟ್ರೋಫೀನೈಲ್ ಎಸ್ಟರ್‌ಗಳ ಕ್ಷಾರೀಯ ಜಲವಿಭಜನೆಯನ್ನು 1981ರಲ್ಲಿ ಕ್ರಿಸ್ಟಲ್ ಎಂಬ ಸಂಶೋಧಕರು ಮತ್ತು ಜೊತೆಗಾರರು 20 ಕಿಲೋಹರ್ಟ್ಸ್‌ನಲ್ಲಿ ನೋಡಿದಾಗ ಸಿಕ್ಕ ಹೆಚ್ಚಳ ಶೇ. 14ರ ಆಸುಪಾಸು. ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ಅಡ್ಡಿ) ಬೇರೆ ಬೇರೆ ಇರುವ ಎಸ್ಟರ್‌ಗಳಲ್ಲೂ ಹೆಚ್ಚಳ ಹೆಚ್ಚುಕಡಿಮೆ ಒಂದೇ ಆಗಿತ್ತು. ಬರಿಯ ಬಿಸಿಯಿಂದ ಆಗಿದ್ದರೆ ಹಾಗಿರುತ್ತಿರಲಿಲ್ಲ. 1995ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್‌ಮನ್ ತಂಡ ಅದೇ ಪ್ಯಾರಾ ನೈಟ್ರೋಫೀನೈಲ್ ಅಸಿಟೇಟನ್ನು ಕ್ಷಾರವಿಲ್ಲದ ನೀರಿನಲ್ಲಿ ನೋಡಿತು: ನೂರು ಪಟ್ಟಿನ ಮಟ್ಟದ ಹೆಚ್ಚಳ, ಅದೂ ಪಿಎಚ್ ಬದಲಾದರೂ ಹೆಚ್ಚು ವ್ಯತ್ಯಾಸವಿಲ್ಲದೆ. ಗುಳ್ಳೆಯ ಅಂಚಿನಲ್ಲಿ ನೀರು ಕ್ಷಣಕಾಲ ಸೂಪರ್‌ಕ್ರಿಟಿಕಲ್ ಆಗುತ್ತದೆ (ದ್ರವ, ಆವಿ ಎಂಬ ಭೇದವಿಲ್ಲದ ಸ್ಥಿತಿ; ಅದಕ್ಕೆ 374 ಡಿಗ್ರಿ, 221 ಬಾರ್ ದಾಟಬೇಕು), ಜಲವಿಭಜನೆ ಅಲ್ಲಿ ನಡೆಯುತ್ತದೆ ಎಂಬುದು ಅವರ ವಿವರಣೆ.

ಇಬ್ಬರಲ್ಲಿ ಯಾರು ಸರಿ? ಜಗಳವೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಅಲ್ಟ್ರಾಸೌಂಡ್ ಇರುವ ದಾರಿಯನ್ನು ಅಗಲ ಮಾಡುವುದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಇನ್ನೊಂದು ದಾರಿ ತೆರೆಯುತ್ತದೆ. ಸುಮ್ಮನೆ ಲೆಕ್ಕಕ್ಕೆ ಹೇಳುವುದಾದರೆ, ಧ್ವನಿ ಇಲ್ಲದೆ ವೇಗ 14 ಇದ್ದು ಗುಳ್ಳೆಯ ದಾರಿ 2 ಕೂಡಿಸಿದರೆ ಒಟ್ಟು 16: ಶೇ. 14 ಹೆಚ್ಚಳ. ಧ್ವನಿ ಇಲ್ಲದೆ ವೇಗ 0.02 ಇದ್ದು ಅದೇ 2 ಕೂಡಿಸಿದರೆ ನೂರೊಂದು ಪಟ್ಟು. ಗುಳ್ಳೆ ಮಾಡಿದ ಕೆಲಸ ಎರಡರಲ್ಲೂ ಒಂದೇ, ಬದಲಾದದ್ದು ಛೇದ. ಆದ್ದರಿಂದ "ಇಷ್ಟು ಪಟ್ಟು" ಎಂಬ ಸಂಖ್ಯೆಯನ್ನು ಒಂಟಿಯಾಗಿ ಬರೆಯಬೇಡಿ. ಧ್ವನಿಯೊಂದಿಗಿನ ವೇಗ, ಧ್ವನಿಯಿಲ್ಲದ ವೇಗ ಎರಡನ್ನೂ ಬರೆದು, ಅವುಗಳ ವ್ಯತ್ಯಾಸವನ್ನು ದ್ರವಕ್ಕೆ ಸೇರಿದ ಶಕ್ತಿಯಿಂದ ಭಾಗಿಸಿ, ಪ್ರತಿ ಜೂಲ್‌ಗೆ ಎಷ್ಟು ಮೋಲ್ ಎಂದು ಹೇಳಿ.

ಆ ಶಕ್ತಿ ಎಷ್ಟೆಂದು ತಿಳಿಯುವುದು ಹೇಗೆ? ಯಂತ್ರದ ಡಿಸ್‌ಪ್ಲೇಯಲ್ಲಿ ಬರುವ ವಾಟ್ ಅಲ್ಲ, ಅದು ವಿದ್ಯುತ್ತಿನ ಲೆಕ್ಕ. ಕ್ಯಾಲೊರಿಮೆಟ್ರಿ ಮಾಡಿ, ಅಂದರೆ ನೀರು ಎಷ್ಟು ಬಿಸಿಯಾಯಿತೆಂದು ನೋಡಿ ಶಕ್ತಿ ಲೆಕ್ಕ ಹಾಕಿ. 50 ಮಿ.ಲೀ. ನೀರನ್ನು ಥರ್ಮೋಕೋಲ್ ಸುತ್ತಿದ ಬೀಕರಿಗೆ ಹಾಕಿ, ತಾಪಮಾನ ಅಳೆಯುವ ಥರ್ಮೋಕಪಲ್ ತುದಿಯನ್ನು ಪ್ರೋಬಿನ (ದ್ರವದಲ್ಲಿ ಮುಳುಗಿಸಿ ನೇರವಾಗಿ ಧ್ವನಿ ಹಾಯಿಸುವ ಲೋಹದ ಕಡ್ಡಿಯ) ನೇರ ಕೆಳಗಲ್ಲದೆ ಪಕ್ಕಕ್ಕೆ ಇಡಿ. ನೇರ ಕೆಳಗಿಟ್ಟರೆ ಧ್ವನಿ ಆ ತುದಿಯನ್ನೇ ಬಿಸಿ ಮಾಡಿ ಸುಳ್ಳು ಅಂಕಿ ಕೊಡುತ್ತದೆ. ಮೊದಲ ಒಂದು ನಿಮಿಷ, ಪ್ರತಿ 5 ಸೆಕೆಂಡಿಗೊಮ್ಮೆ ಓದಿ. ಒಂದು ನಿಮಿಷದಲ್ಲಿ 25ರಿಂದ 31 ಡಿಗ್ರಿಗೆ ಏರಿತೆನ್ನಿ: 50 × 4.18 × 6 ÷ 60, ಅಂದರೆ 20.9 ವಾಟ್. 13 ಮಿ.ಮೀ. ವ್ಯಾಸದ ಪ್ರೋಬ್ ತುದಿಯ ವಿಸ್ತೀರ್ಣ 1.33 ಚದರ ಸೆಂ.ಮೀ.; ತೀವ್ರತೆ ಪ್ರತಿ ಚದರ ಸೆಂಟಿಮೀಟರಿಗೆ 15.7 ವಾಟ್. ಈ ಸಂಖ್ಯೆ ಇಲ್ಲದ ವರದಿಯನ್ನು ಇನ್ನೊಬ್ಬರು ಪುನರಾವರ್ತಿಸಲಾರರು.

ಗುಳ್ಳೆಗಳು ನಿಜಕ್ಕೂ ರಾಸಾಯನಿಕ ಕೆಲಸ ಮಾಡುತ್ತಿವೆಯೇ ಎಂದು ನೋಡಲು ಪೊಟ್ಯಾಸಿಯಂ ಅಯೋಡೈಡ್ ಸಾಕು. 1.66 ಗ್ರಾಂ ಲವಣವನ್ನು 100 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ 0.1 ಮೋಲಾರ್. ನಲ್ಲಿ ನೀರು ಬೇಡವೇ ಬೇಡ, ಅದರ ಕ್ಲೋರಿನ್ ತಾನೇ ಅಯೋಡೈಡನ್ನು ಆಕ್ಸಿಡೀಕರಿಸುತ್ತದೆ. ಲವಣ ಹಳದಿ ತಿರುಗಿದ್ದರೆ ಅದನ್ನೂ ಬಿಡಿ. 50 ಮಿ.ಲೀ. ದ್ರಾವಣವನ್ನು ನೀರು ಹರಿಯುವ ಜಾಕೆಟ್ ಇರುವ ಪಾತ್ರೆಗೆ ಹಾಕಿ, ಪ್ರೋಬನ್ನು 1ರಿಂದ 1.5 ಸೆಂ.ಮೀ. ಮುಳುಗಿಸಿ, 25 ಡಿಗ್ರಿಯಲ್ಲಿ ಹಿಡಿದು ಎರಡೆರಡು ನಿಮಿಷಕ್ಕೊಮ್ಮೆ ಸ್ವಲ್ಪ ತೆಗೆದು 352 ನ್ಯಾನೋಮೀಟರಿನಲ್ಲಿ ಅಬ್ಸಾರ್ಬೆನ್ಸ್ (ದ್ರಾವಣ ಎಷ್ಟು ಬೆಳಕು ಹೀರಿತೆಂಬ ಅಳತೆ) ನೋಡಿ. ಹೈಡ್ರಾಕ್ಸಿಲ್‌ಗಳು ಅಯೋಡೈಡನ್ನು ಆಕ್ಸಿಡೀಕರಿಸಿದಾಗ ಹುಟ್ಟಿದ ಅಯೋಡಿನ್ ಹೆಚ್ಚಿನ ಅಯೋಡೈಡಿನೊಂದಿಗೆ ಸೇರಿ ಟ್ರೈಅಯೋಡೈಡ್ ಆಗುತ್ತದೆ. ಅದರ ಮೋಲಾರ್ ಹೀರಿಕೆ ಸುಮಾರು 26,000. ಹತ್ತು ನಿಮಿಷಕ್ಕೆ ಬ್ಲಾಂಕ್ (ಧ್ವನಿ ತಾಗದ ಅದೇ ದ್ರಾವಣದ ಅಂಕಿ) ಕಳೆದು 0.26 ಬಂದರೆ ಸಾರತೆ 10 ಮೈಕ್ರೋಮೋಲಾರ್, 50 ಮಿ.ಲೀ.ನಲ್ಲಿ 0.5 ಮೈಕ್ರೋಮೋಲ್. ಅಷ್ಟು ಹೊತ್ತಿಗೆ ಒಳಹೋದ ಶಕ್ತಿ 20.9 × 600, ಅಂದರೆ 12,540 ಜೂಲ್. ಭಾಗಿಸಿದರೆ ಜೂಲ್‌ಗೆ ಸುಮಾರು 40 ಪೀಕೋಮೋಲ್. ಹೌದು, ದಕ್ಷತೆ ಅಷ್ಟೇ, ಬಹುಪಾಲು ಶಕ್ತಿ ನೀರನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ.

ಗ್ರಾಫ್ ನೇರ ಗೆರೆಯಾಗಿ ಬರುತ್ತದೆ. ಅಯೋಡೈಡ್ ಯಥೇಚ್ಛವಾಗಿದೆ, ವೇಗವನ್ನು ನಿರ್ಧರಿಸುವುದು ರ್‍ಯಾಡಿಕಲ್ ಹುಟ್ಟುವ ಗತಿ. ಇದನ್ನು ಮೊದಲ ದರ್ಜೆಯ ಸಮೀಕರಣಕ್ಕೆ ಹೊಂದಿಸಿ ವೇಗ ಸ್ಥಿರಾಂಕ ತೆಗೆಯುವುದು ವ್ಯರ್ಥ. ಸ್ಪೆಕ್ಟ್ರೋಫೋಟೋಮೀಟರ್ ಇಲ್ಲದವರು ಪಿಷ್ಟ ಹಾಕಿ ನೀಲಿ ಬಣ್ಣ ತೋರಿಸಬಹುದು, ಆದರೆ ಅದು ಪ್ರದರ್ಶನ, ಅಳತೆಯಲ್ಲ. 1950ರಲ್ಲಿ ವೈಸ್ಲರ್ ಎಂಬ ಸಂಶೋಧಕ ಇದೇ ದ್ರಾವಣಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಸೇರಿಸಿ ಅಯೋಡಿನ್ನನ್ನು ಎಷ್ಟೋ ಹೆಚ್ಚಿಸಿದ. ಬಣ್ಣ ಕ್ಷಣದಲ್ಲಿ ಬರುತ್ತದೆ ನಿಜ. ಯಕೃತ್ತಿಗೆ ವಿಷವಾದ, ಓಜೋನ್ ಪದರವನ್ನೂ ತಿನ್ನುವ ಆ ದ್ರವವನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕಾಗಿಲ್ಲ.

ಇಲ್ಲಿ ಕೆಡುವುದು ಹೇಗೆ ಎಂದು ಬಿಡಿಸಿ ಹೇಳಬೇಕು. ಧ್ವನಿ ನಿಲ್ಲಿಸಿದ ಮೇಲೂ ಅಬ್ಸಾರ್ಬೆನ್ಸ್ ನಿಧಾನಕ್ಕೆ ಏರುತ್ತಲೇ ಇರುತ್ತದೆ. ಉಳಿದ ಪೆರಾಕ್ಸೈಡ್, ವೇಗವರ್ಧಕವಾದ ಮಾಲಿಬ್ಡೇಟ್ ಇಲ್ಲದೆ, ಅಯೋಡೈಡಿನೊಂದಿಗೆ ನಿಧಾನವಾಗಿ ವರ್ತಿಸುವುದೇ ಕಾರಣ. ಒಂದೋ ಪ್ರತಿ ಮಾದರಿಯನ್ನೂ ತೆಗೆದ ಮೇಲೆ ಅಷ್ಟೇ ಹೊತ್ತು ಬಿಟ್ಟು ಓದಿ, ಇಲ್ಲ ಚಿಟಿಕೆ ಅಮೋನಿಯಂ ಮಾಲಿಬ್ಡೇಟ್ ಹಾಕಿ ಪೂರ್ತಿ ಮುಗಿಸಿ. ಕಿಟಕಿಯ ಬಿಸಿಲಿಗೆ ಇಟ್ಟ ಬ್ಲಾಂಕ್ ಕೂಡ ಹಳದಿಯಾಗುತ್ತದೆ.

ಇನ್ನೊಂದು, ಗಾಳಿಗೆ ತೆರೆದ ನೀರಿನಲ್ಲಿ ಅಲ್ಟ್ರಾಸೌಂಡ್ ನಡೆಸಿದರೆ ಗುಳ್ಳೆಯೊಳಗೆ ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ನೈಟ್ರಸ್, ನೈಟ್ರಿಕ್ ಆಮ್ಲಗಳಾಗುತ್ತವೆ. ಬಫರ್ ಇಲ್ಲದ ದ್ರಾವಣದ ಪಿಎಚ್ ಸದ್ದಿಲ್ಲದೆ ಇಳಿಯುತ್ತದೆ. ಆಮ್ಲವೇ ವೇಗವರ್ಧಕವಾದ ಕ್ರಿಯೆಯಲ್ಲಿ ಅದನ್ನು "ಧ್ವನಿಯ ಪರಿಣಾಮ" ಎಂದು ಬರೆದುಬಿಡುವುದು ಸುಲಭ. ಮೇಲಿನ ಎಸ್ಟರಿನ ಕ್ರಿಯೆಯಲ್ಲಿ ಬೇರೊಂದು ಬಲೆ ಇದೆ. ಬರುವ ಪ್ಯಾರಾ ನೈಟ್ರೋಫೀನಾಲಿನ ಹಳದಿಯನ್ನು 400 ನ್ಯಾನೋಮೀಟರಿನಲ್ಲಿ ನೋಡುತ್ತೇವೆ, ಆದರೆ ಅಲ್ಟ್ರಾಸೌಂಡ್ ಆ ನೈಟ್ರೋಫೀನಾಲನ್ನೂ ಒಡೆಯುತ್ತದೆ. ಉತ್ಪನ್ನವನ್ನು ಮಾತ್ರ ಅಳೆದರೆ ವೇಗ ಕಡಿಮೆ ಕಾಣುತ್ತದೆ. ಶುದ್ಧ ಉತ್ಪನ್ನವನ್ನೇ ಅಷ್ಟೇ ಹೊತ್ತು ಧ್ವನಿಗೆ ಒಡ್ಡಿ ಎಷ್ಟು ಉಳಿಯಿತು ನೋಡಿಕೊಳ್ಳಬೇಕು.

ತಾಪಮಾನದ ತಪ್ಪು ಎಲ್ಲಕ್ಕಿಂತ ಸಾಮಾನ್ಯ. ಬಾತ್ ಅರ್ಧ ಗಂಟೆಯಲ್ಲಿ 25ರಿಂದ 45 ಡಿಗ್ರಿಗೆ ಏರಿದರೆ, ಸಕ್ರಿಯಣ ಶಕ್ತಿ ಮೋಲಿಗೆ 50 ಕಿಲೋಜೂಲ್ ಇರುವ ಕ್ರಿಯೆ ಧ್ವನಿ ಇಲ್ಲದೆಯೂ ಮೂರೂವರೆ ಪಟ್ಟು ವೇಗವಾಗುತ್ತದೆ. "ಕೋಣೆಯ ತಾಪಮಾನದಲ್ಲಿ" ಎಂದು ಬರೆದು ಬಾತಿನಲ್ಲಿ ಥರ್ಮಾಮೀಟರ್ ಇಡದವರ ಅದ್ಭುತಗಳಲ್ಲಿ ಅನೇಕವು ಇಲ್ಲೇ ಕರಗಿಹೋಗುತ್ತವೆ. ಸೈಲೆಂಟ್ ರನ್, ಅಂದರೆ ಧ್ವನಿ ಇಲ್ಲದ ಹೋಲಿಕೆ, ಅದೇ ತಾಪಮಾನದಲ್ಲಿ, ಅದೇ ಪಾತ್ರೆಯಲ್ಲಿ, ಜೋರಾಗಿ ಕಲಕುತ್ತಾ ನಡೆಯಬೇಕು. ಬಿಸಿ ತಪ್ಪಿಸಲು ಪಲ್ಸ್ ಮೋಡ್ ಹಾಕುವವರೂ ಎಚ್ಚರ ವಹಿಸಬೇಕು: 5 ಸೆಕೆಂಡ್ ಆನ್, 5 ಸೆಕೆಂಡ್ ಆಫ್ ಎಂದಿಟ್ಟು, ಆನ್ ಇದ್ದ ಹೊತ್ತನ್ನು ಮಾತ್ರ ಎಣಿಸಿದರೆ, ಆಫ್ ಹೊತ್ತಿನಲ್ಲಿ ಸುಮ್ಮನೆ ನಡೆದ ಕ್ರಿಯೆಯೂ ಧ್ವನಿಯ ಖಾತೆಗೆ ಬೀಳುತ್ತದೆ. ಧ್ವನಿ ಏನೂ ಮಾಡದಿದ್ದರೂ "ಎರಡು ಪಟ್ಟು" ಸಿಕ್ಕಿಬಿಡುತ್ತದೆ.

ಬಾತ್ ಮಾತ್ರ ಇರುವವರಿಗೆ ಒಂದೆರಡು ಸೂಚನೆ. 40 ಕಿಲೋಹರ್ಟ್ಸ್‌ನಲ್ಲಿ ತರಂಗದೂರ 37 ಮಿ.ಮೀ.; ಸ್ಥಿರ ತರಂಗದ ಜೋರಾದ ಪದರಗಳು ಸುಮಾರು 18 ಮಿ.ಮೀ. ಅಂತರದಲ್ಲಿ ನಿಲ್ಲುತ್ತವೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಹಾಳೆಯನ್ನು ನೆಟ್ಟಗೆ ಇಳಿಬಿಟ್ಟು ಒಂದು ನಿಮಿಷ ನಡೆಸಿದರೆ ತೂತುಗಳು ಎಲ್ಲಿ ಬೀಳುತ್ತವೆ ನೋಡಿ, ಫ್ಲಾಸ್ಕಿನ ತಳವನ್ನು ಆ ಮಟ್ಟಕ್ಕೆ ಕ್ಲಾಂಪ್ ಮಾಡಿ. ದುಂಡು ತಳದ ಫ್ಲಾಸ್ಕಿಗಿಂತ ಚಪ್ಪಟೆ ತಳದ ಕಾನಿಕಲ್ ಫ್ಲಾಸ್ಕ್ ಒಳ್ಳೆಯದು, ಧ್ವನಿ ಕಡಿಮೆ ಚದುರುತ್ತದೆ. ಬಾತಿನ ನೀರಿನ ಮಟ್ಟ ಐದು ಮಿ.ಮೀ. ಇಳಿದರೂ ಪದರಗಳು ಜರುಗುತ್ತವೆ, ಆದ್ದರಿಂದ ಟ್ಯಾಂಕಿನ ಗೋಡೆಗೆ ಗುರುತು ಹಾಕಿಟ್ಟುಕೊಳ್ಳಿ. ಹೊಸ ನೀರು ಹಾಕಿದ ಮೇಲೆ ಹತ್ತು ಹದಿನೈದು ನಿಮಿಷ ಖಾಲಿ ನಡೆಸಿ ಕರಗಿದ ಗಾಳಿ ಹೋಗಲು ಬಿಡಿ. ಉರಿಯುವ ದ್ರಾವಕವನ್ನು ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ. ನಡೆಯುವಾಗ ಬೆರಳು ಅದ್ದಬೇಡಿ.

ಪ್ರೋಬ್ ಇರುವವರಿಗೆ: ತುದಿ ಮೇಲ್ಮೈಗೆ ಹತ್ತಿರವಾದರೆ ಗಾಳಿ ಎಳೆದುಕೊಂಡು ನೊರೆ ಏಳುತ್ತದೆ, ಶಕ್ತಿ ಒಳಗೆ ಇಳಿಯುವುದಿಲ್ಲ. ಗಾಜು ಮುಟ್ಟಿದರೆ ಗಾಜು ಒಡೆಯುತ್ತದೆ. ಪವರ್ ಏರಿಸುತ್ತಾ ಹೋದರೆ ಒಂದು ಹಂತದ ನಂತರ ತುದಿಯಡಿಯಲ್ಲಿ ಗುಳ್ಳೆಗಳ ಮೋಡ ಕಟ್ಟಿ ಧ್ವನಿಯನ್ನೇ ತಡೆಯುತ್ತದೆ, ಕ್ರಿಯೆಯ ವೇಗ ಇಳಿಯುತ್ತದೆ. ನೂರು ಪರ್ಸೆಂಟ್‌ಗೆ ಇಡುವುದೇ ಒಳ್ಳೆಯದೆಂಬುದು ಸುಳ್ಳು. ತುದಿಯ ಟೈಟಾನಿಯಂ ಮಿಶ್ರಲೋಹವನ್ನೂ ಗುಳ್ಳೆಗಳು ಕೊರೆಯುತ್ತವೆ, ಬೂದು ಪುಡಿ ದ್ರಾವಣ ಸೇರುತ್ತದೆ. ಲೋಹದ ವೇಗವರ್ಧಕಗಳ ಕೆಲಸ ಮಾಡುವವರು ಕೊನೆಗೆ ಸಿಕ್ಕ ಪುಡಿಯಲ್ಲಿ ಟೈಟಾನಿಯಂ ಇದೆಯೇ ಎಂದು ನೋಡಲೇಬೇಕು. ಕಿವಿಗೆ ಇಯರ್ ಮಫ್ ಹಾಕಿಕೊಳ್ಳಿ: 20 ಕಿಲೋಹರ್ಟ್ಸ್ ಕೇಳದಿದ್ದರೂ ಗುಳ್ಳೆಗಳು ಹೊರಡಿಸುವ 10 ಕಿಲೋಹರ್ಟ್ಸ್ ಕಿರಿಚು ಕೇಳಿಸುತ್ತದೆ.

ದ್ರಾವಣದಲ್ಲಿ ಘನವಸ್ತು ಇದ್ದರೆ ಕಥೆ ಬೇರೆ, ಅದಕ್ಕೆ ಇನ್ನೊಂದು ಉಪನ್ಯಾಸ ಬೇಕು. ಒಂದೇ ಉದಾಹರಣೆ ಕೊಡುತ್ತೇನೆ. 1990ರಲ್ಲಿ ಡಾಕ್ಟಿಚ್ ಮತ್ತು ಸಸ್ಲಿಕ್ ಲೋಹದ ಪುಡಿಗಳನ್ನು ಅಲ್ಟ್ರಾಸೌಂಡಿಗೆ ಒಡ್ಡಿದಾಗ ಕಣಗಳು ಒಂದಕ್ಕೊಂದು ಡಿಕ್ಕಿಯಾಗಿ ಕ್ರೋಮಿಯಂ ಬೆಸೆದುಕೊಂಡಿತು, ಸುಮಾರು 3,400 ಡಿಗ್ರಿಯಲ್ಲಿ ಕರಗುವ ಟಂಗ್‌ಸ್ಟನ್ ಹಾಗೆಯೇ ಉಳಿಯಿತು. ಡಿಕ್ಕಿಯ ಜಾಗದ ತಾಪಮಾನ ಯಾವ ಮಟ್ಟದ್ದೆಂದು ಅದರಿಂದಲೇ ಅಂದಾಜು ಸಿಕ್ಕಿತು.

ಪಾಲಿಮರ್ ದ್ರಾವಣಗಳನ್ನು ಮಾತ್ರ ಬಿಡುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ರಾಸಾಯನಿಕ ಎಂಜಿನಿಯರಿಂಗ್ ವಿಭಾಗದಲ್ಲಿ ಗಿರಿಧರ್ ಮದ್ರಾಸ್ ಮತ್ತು ವಿದ್ಯಾರ್ಥಿಗಳು ಈ ಬಗ್ಗೆ ಸಾಕಷ್ಟು ಕೆಲಸ ಮಾಡಿದ್ದಾರೆ. ಬಿಸಿಯಿಂದ ಒಡೆದರೆ ಪಾಲಿಮರಿನ ಉದ್ದನೆಯ ಅಣುಸರಪಳಿ ಎಲ್ಲೆಂದರಲ್ಲಿ ತುಂಡಾಗುತ್ತದೆ. ಅಲ್ಟ್ರಾಸೌಂಡಿನಲ್ಲಿ ಕುಸಿಯುವ ಗುಳ್ಳೆಯ ಸುತ್ತಲಿನ ದ್ರವ ಸರಪಳಿಯನ್ನು ಎಳೆಯುವುದರಿಂದ ಅದು ಹೆಚ್ಚಾಗಿ ನಡುಮಧ್ಯದಲ್ಲಿ ಹರಿಯುತ್ತದೆ. ಉದ್ದ ಸರಪಳಿಗಳು ಮೊದಲು ಹೋಗುತ್ತವೆ. ಒಂದು ಮಿತಿಗಿಂತ ಚಿಕ್ಕದಾದ ಮೇಲೆ ಎಷ್ಟು ಹೊತ್ತು ನಡೆಸಿದರೂ ಒಡೆಯುವುದಿಲ್ಲ. ರ್‍ಯಾಡಿಕಲ್ ಅಳೆಯುವ ಸಲಕರಣೆ ಇಲ್ಲದ ಕಾಲೇಜು, ದ್ರವದ ಸ್ನಿಗ್ಧತೆ ಅಳೆಯುವ ಆಸ್ಟ್‌ವಾಲ್ಡ್ ವಿಸ್ಕೋಮೀಟರ್ ಒಂದರಿಂದಲೇ ಇದನ್ನು ತೋರಿಸಬಹುದು: ಹತ್ತು ಹತ್ತು ನಿಮಿಷಕ್ಕೆ ದ್ರಾವಣ ತೆಗೆದು, 25 ಡಿಗ್ರಿಗೆ ತಂದು, ಇಳಿಯುವ ಸಮಯ ನೋಡಿದರೆ ಆಯಿತು. ಟೈಟಾನಿಯಂ ಪುಡಿ ವಿಸ್ಕೋಮೀಟರಿನ ಸಣ್ಣ ಕೊಳವೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಮೊದಲು ಸೋಸಿಕೊಳ್ಳಿ.

ಇದನ್ನು ಉಪನ್ಯಾಸವಾಗಿ ಹೇಳಿದಾಗ ಕೊನೆಗೆ ಕೇಳುಗರಿಂದ ಬಂದ ಎರಡು ಪ್ರಶ್ನೆಗಳನ್ನು ಸೇರಿಸುತ್ತೇನೆ. ಆಸ್ಪತ್ರೆಯ ಸ್ಕ್ಯಾನಿಂಗ್‌ನಲ್ಲೂ ಹೀಗೆ ರ್‍ಯಾಡಿಕಲ್ ಹುಟ್ಟುತ್ತವೆಯೇ ಎಂದು ಕೇಳಿದರು. ಅಲ್ಲಿ ಆವರ್ತನ ಕೆಲವು ಮೆಗಾಹರ್ಟ್ಸ್, ಧ್ವನಿ ಬರುವುದು ಮೈಕ್ರೋಸೆಕೆಂಡುಗಳ ಚಿಕ್ಕ ತುಣುಕುಗಳಲ್ಲಿ. ಗುಳ್ಳೆ ಬೆಳೆಯಲು ಸಮಯ ಸಿಗುವುದಿಲ್ಲ. ಅದರ ಮೇಲೆ ಮೆಕ್ಯಾನಿಕಲ್ ಇಂಡೆಕ್ಸ್ ಎಂಬ ಮಿತಿ ಇದೆ: ಇಳಿಕೆಯ ಒತ್ತಡವನ್ನು ಮೆಗಾಪಾಸ್ಕಲ್‌ನಲ್ಲಿ ತೆಗೆದುಕೊಂಡು ಮೆಗಾಹರ್ಟ್ಸ್‌ನ ವರ್ಗಮೂಲದಿಂದ ಭಾಗಿಸಿದರೆ ಬರುವ ಸಂಖ್ಯೆ. ಅಮೆರಿಕದ ನಿಯಂತ್ರಕರು ಅದನ್ನು 1.9ಕ್ಕಿಂತ ಮೇಲೆ ಬಿಡುವುದಿಲ್ಲ. ಕ್ಯಾವಿಟೇಶನ್ ತಪ್ಪಿಸುವುದಕ್ಕೇ ಆ ಮಿತಿ.

ಎರಡನೆಯದು ಕಾರ್ಖಾನೆಯ ಮಟ್ಟಕ್ಕೆ ಒಯ್ಯಬಹುದೇ ಎಂಬುದು. 50 ಮಿ.ಲೀ.ಗೆ 20 ವಾಟ್ ಎಂದರೆ ಸಾವಿರ ಲೀಟರಿಗೆ 400 ಕಿಲೋವಾಟ್. ಅಷ್ಟು ಧ್ವನಿ ತುಂಬಲು ಹೋಗುವವರು ಕಡಿಮೆ. ಮುಂಬೈನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಅನಿರುದ್ಧ ಪಂಡಿತ್ ಮತ್ತು ಸಹೋದ್ಯೋಗಿಗಳು ಹಿಡಿದದ್ದು ಬೇರೆ ದಾರಿ: ಪಂಪಿನಿಂದ ದ್ರವವನ್ನು ಸಣ್ಣ ತೂತುಗಳಿರುವ ತಟ್ಟೆಯ ಮೂಲಕ ನುಗ್ಗಿಸುವುದು. ತೂತಿನ ಬಳಿ ವೇಗ ಏರಿ ಒತ್ತಡ ಬೀಳುತ್ತದೆ, ಗುಳ್ಳೆ ಏಳುತ್ತದೆ. ಮುಂದೆ ಒತ್ತಡ ಮರಳಿದಾಗ ಕುಸಿಯುತ್ತದೆ. ಒಂದೊಂದು ಕುಸಿತದ ಬಿರುಸು ಧ್ವನಿಯದಕ್ಕಿಂತ ಕಡಿಮೆ, ಆದರೆ ಪಂಪು ಮತ್ತು ತೂತಿನ ತಟ್ಟೆ ಯಾವ ಊರಿನ ವರ್ಕ್‌ಶಾಪಿನಲ್ಲಾದರೂ ಸಿಗುತ್ತವೆ.